ಮೊದಲು ಫೋಟೊ, ಆಮೇಲೆ ಸಲಿಕೆ

(ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪು, ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ)

ಅಕ್ಕ: (ನೋಟಿಸ್ ಬೋರ್ಡಿನ ಫೋಟೊ) "ಮಳೆಗೆ ಮನೆ ಬಿದ್ದವರ ನೆರವಿಗೆ ನಮ್ಮ ಸಭೆಯ ಯುವಜನರು ಬರುವ ಶುಕ್ರವಾರ ಹೊಳೆದಂಡೆಯ ಹಳ್ಳಿಗೆ ಹೊರಟಿದ್ದಾರೆ. ಮೂರು ದಿನ ಮನೆ ರಿಪೇರಿ ಕೆಲಸ. 20 ಜನ ಬೇಕು. ಬಸ್ಸು, ಊಟ ಸಭೆಯದು."

ಅಕ್ಕ: ನಾನು ಹೆಸರು ಕೊಟ್ಟೆ. ನಮ್ಮ ಮನೆಯಿಂದ ಇನ್ನು ಯಾರು ಬರ್ತೀರಿ?

ಕಾಕಾ: ಮನಸ್ಸು ಒಳ್ಳೇದವ್ವ. ಆದರೆ ಲೆಕ್ಕ ಹಾಕು. 20 ಜನರ ಬಸ್ಸು, ಮೂರು ದಿನದ ಊಟ, ಚಹಾ. ಅದೇ ದುಡ್ಡಿನಲ್ಲಿ ಒಂದು ಮನೆಗೆ ಪತ್ರಾಸ್, ಅಂದರೆ ತಗಡು, ಬರುತ್ತದೆ. ನಿಮ್ಮಲ್ಲಿ ಒಬ್ಬರೂ ಗೌಂಡಿ ಅಲ್ಲ. ದುಡ್ಡು ಕೂಡಿಸಿ ಕಳಿಸಿರಿ, ಅಲ್ಲಿಯವರೇ ಕಟ್ಟಿಕೊಳ್ಳುತ್ತಾರೆ.

ಅಕ್ಕ: ಕಾಕಾ, ಎಲ್ಲದಕ್ಕೂ ದುಡ್ಡಿನ ಲೆಕ್ಕ ಹಾಕಿದರೆ ಹೇಗೆ? ಮನೆ ಬಿದ್ದವರ ಹತ್ತಿರ ಹೋಗಿ ನಿಲ್ಲುವುದಕ್ಕೆ ಬೆಲೆ ಇಲ್ವಾ?

ಕಾಕಾ: ನಿಲ್ಲುವುದಕ್ಕೆ ಇದೆ. ಗೋಡೆ ಕಟ್ಟುವುದಕ್ಕೆ ಕೆಲಸ ಗೊತ್ತಿರಬೇಕು.

ಮಾಮಾ (ಗದಗ): ನನ್ನ ಚಿಂತೆ ಬೇರೆ. ಪರಿಹಾರಕ್ಕೆ ಸರ್ಕಾರದವರ ಸರ್ವೆ ಆಗಿದೆಯಾ? 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆ ಅಂದರೆ ಎ ವರ್ಗ, ಅದಕ್ಕೆ 5 ಲಕ್ಷ ಪರಿಹಾರ ಇತ್ತು. ಸ್ವಲ್ಪ ಕೆಟ್ಟಿದ್ದು ಸಿ, ಅದಕ್ಕೆ 50 ಸಾವಿರ. ಸರ್ವೆಗೆ ಮೊದಲೇ ನೀವು ಹೋಗಿ ಗೋಡೆ ನಿಲ್ಲಿಸಿದರೆ ಎ ಆಗಬೇಕಾದ ಮನೆ ಸಿ ಆಗುತ್ತದೆ.

ಅಕ್ಕ: ಹಾಗೆಲ್ಲಾ ಆಗುತ್ತಾ ಮಾಮಾ?

ನಾನು: ಆಗುತ್ತದೆ ಅಕ್ಕಾ. ನಮ್ಮ ಕೈಯಿಂದಲೇ ಆಗಿದೆ. ಇಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ನಾನು: 2019ರ ಆಗಸ್ಟ್ ಕೊನೆಗೆ ನಾವು 14 ಜನ ಹೋಗಿದ್ದೆವು. ಗದಗ ಜಿಲ್ಲೆಯ ಹೊಳೆಆಲೂರು ಕಡೆ ಒಂದು ಸಣ್ಣ ಊರು. ಒಂದು ಕಡೆಯಿಂದ ಮಲಪ್ರಭೆ, ಇನ್ನೊಂದು ಕಡೆಯಿಂದ ಬೆಣ್ಣಿಹಳ್ಳ ಬಂದು ಊರೊಳಗೆ ನುಗ್ಗಿತ್ತು. ನಾವು ಹೋಗುವ ಹೊತ್ತಿಗೆ ನೀರು ಇಳಿದಿತ್ತು, ರಾಡಿ ಹಾಗೇ ಇತ್ತು. ಒಬ್ಬ ಅಜ್ಜಿ ಮನೆಯಲ್ಲಿ ಜೋಳದ ಚೀಲ ಸರಿಸಲು ಹೋದೆವು. ಎತ್ತಲು ಆಗಲಿಲ್ಲ. ಜೋಳ ಚೀಲದಲ್ಲೇ ಮೊಳಕೆ ಬಂದು, ಬೇರು ಗೋಣಿಯ ಕಣ್ಣಿನಿಂದ ಹೊರಗೆ ಇಳಿದಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ನಾನು: ಮೇಲ್ಮುದ್ದೆ ಮನೆ. ನಿಮಗೆ ಗೊತ್ತಲ್ವಾ, ಜಂತಿ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ವಾರಗಟ್ಟಲೆ ಮಳೆ ಕುಡಿದು ಮೇಲಿನ ಮಣ್ಣು ಭಾರ ಆಗಿತ್ತು. ಕೆಳಗೆ ಹೊಳೆ ನೀರು ನಿಂತು ಗೋಡೆ ಬುಡ ಕರಗಿತ್ತು. ಒಂದು ಮೂಲೆ ಬಿದ್ದಿತ್ತು. ಉಳಿದ ಗೋಡೆಗಳು ಸುಮ್ನೆ ನಿಂತಿದ್ದವು ಅಷ್ಟೇ. ಊರ ಗೌಂಡಿ ಹೇಳಿದಂತೆ ತೊಲೆ ಕೆಳಗೆ ಬೊಡ್ಡೆ ಊರಿ, ಮೇಲಿನ ಮಣ್ಣು ಇಳಿಸಿ, ಎರಡು ದಿನದಲ್ಲಿ ಮೂಲೆ ಕಟ್ಟಿದೆವು. ಅಜ್ಜಿ ಅತ್ತಳು. ನಾವೂ ಅತ್ತೆವು.

ನಾನು: ವಾರದ ನಂತರ ಸರ್ವೆಗೆ ಬಂದರು. ನಾಲ್ಕೂ ಗೋಡೆ ನಿಂತಿವೆ. ಸಿ ಬರೆದುಕೊಂಡು ಹೋದರು.

ನಾನು: ಅಜ್ಜಿ ಮಗ ಫೋನ್ ಮಾಡಿದ. ಬೈಯಲಿಲ್ಲ. "ಸರ್, ನೀವು ಕಟ್ಟೂಕಿಂತ ಮೊದಲಿನ ಫೋಟೋ ಏನರ ಐತೇನ್ರಿ?" ಅಂದ. ನಮ್ಮ ಹತ್ತಿರ ಇದ್ದದ್ದು ಕಟ್ಟಿದ ಗೋಡೆ ಮುಂದೆ ನಾವು 14 ಜನ ನಿಂತ ಫೋಟೊ.

ಚಿಗವ್ವ: ಅಯ್ಯೋ ತಮ್ಮಾ.

ಕಾಕಾ: ಇದಕ್ಕೇ ನಾನು ಹೇಳುವುದು, ಹೋಗಬೇಡಿರಿ ಅಂತ. ರೊಕ್ಕ ಕೂಡಿಸೋಣ. ಐದಾರು ಸಭೆಯವರು ಸೇರಿದರೆ ಎತ್ತರದ ಜಾಗದಲ್ಲಿ ಹತ್ತು ಹೊಸ ಮನೆ ಕಟ್ಟಬಹುದು. ಒಂದೇ ಸಲಕ್ಕೆ ಮುಗಿಯುತ್ತದೆ.

ನಾನು: ಕಾಕಾ, ಅದನ್ನೂ ಮಾಡಿ ನೋಡಿಯಾಗಿದೆ. 2009ರ ನೆರೆ ಆದ ಮೇಲೆ ಆಸರೆ ಯೋಜನೆಯಲ್ಲಿ ಹೊಸ ಮನೆ ಕಟ್ಟಿದರಲ್ಲ, ನೀವೂ ಆಗ ಒಂದು ದಿನದ ಸಂಬಳ ಕೊಟ್ಟಿದ್ದಿರಿ. ಎಷ್ಟೋ ಊರುಗಳಲ್ಲಿ ಆ ಮನೆಗಳ ಸುತ್ತ ಜಾಲಿ ಬೆಳೆಯಿತು. ಹೊಲ ದೂರ. ಎಮ್ಮೆ ಕಟ್ಟಲು ಜಾಗ ಇಲ್ಲ. ಹೊಟ್ಟು, ಕಟ್ಟಿಗೆ ಇಡಲು ಹಿತ್ತಲಿಲ್ಲ. ಜನ ಹಳೇ ಮನೆಗೇ ಬಂದರು.

ಕಾಕಾ: ಮತ್ತೆ ಅದೇ ಹೊಳೆ ಬಾಯಿಗೆ ಬಂದರು ಅನ್ನು. ನೀನು ಅವರಿಗೆ ಅಲ್ಲೇ ಗೋಡೆ ಕಟ್ಟಿಕೊಡು. ಮುಂದಿನ ನೆರೆಗೆ ಮತ್ತೆ ಬೀಳಲಿ.

ನಾನು: ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹೊಳೆ ಪಾತ್ರದೊಳಗೇ ಹೊಲ ಮಾಡಿದ್ದಾರೆ, ನೀರಿಗೆ ದಾರಿ ಇಲ್ಲ, ಅದು ನಿಜ. ಆದರೆ ಎಲ್ಲಿ ಇರಬೇಕು ಅನ್ನುವುದನ್ನು ಅವರನ್ನು ಕೇಳದೆ ನಾವು ಹುಬ್ಬಳ್ಳಿಯಲ್ಲಿ ಕೂತು ಗೊತ್ತು ಮಾಡಬಾರದು. ಅಜ್ಜಿ ಹೇಳಿದ್ದು ಒಂದೇ: "ನನಗ ಹೊಸ ಮನಿ ಬ್ಯಾಡ್ರಿ, ಈ ಗ್ವಾಡಿ ಒಂದು ನಿಲ್ಲಿಸಿ ಕೊಡ್ರಿ." ನಾವು ಆ ಮಾತು ಕೇಳಿದೆವು. ಅವಳಿಗೆ ಬರಬೇಕಾದ ದುಡ್ಡಿನ ಬಗ್ಗೆ ಯಾರನ್ನೂ ಕೇಳಲಿಲ್ಲ. ತಪ್ಪಾಗಿದ್ದು ಅಲ್ಲಿ. ಹೋಗಿದ್ದು ತಪ್ಪಲ್ಲ.

ಚಿಗವ್ವ: ನಾನೂ ಒಂದು ಹೇಳಲಾ? ನಾವು ಸ್ತ್ರೀ ಸಂಘದವರು ಆ ವರ್ಷ ರೊಟ್ಟಿ ಕಟ್ಟಿಕೊಂಡು ಬೇರೆ ಊರಿಗೆ ಹೋಗಿದ್ದೆವು. ಬಸ್ಸಿಗೆ ಸಭೆ ಬ್ಯಾನರ್ ಕಟ್ಟಿದ್ದರು. ಊರ ಹಿರಿಯರೊಬ್ಬರು ಬಂದು "ಮತಾಂತರಕ್ಕೆ ಬಂದೀರೇನ್ರಿ" ಅಂತ ಕೇಳಿದರು. ಬ್ಯಾನರ್ ಬಿಚ್ಚಿ ಮಡಚಿ ಸೀಟಿನ ಕೆಳಗೆ ಇಟ್ಟೆವು. ಆಮೇಲೆ ಅವರೇ ಮನೆ ಮನೆ ತೋರಿಸಿದರು. ಈ ಸಲ ಬ್ಯಾನರ್ ಬೇಡ, ಟೀ ಶರ್ಟೂ ಬೇಡ.

ಅಕ್ಕ: ಟೀ ಶರ್ಟ್ ಆರ್ಡರ್ ಆಗಿದೆ ಚಿಗವ್ವ.

ಚಿಗವ್ವ: ಸುಗ್ಗಿ ಹಬ್ಬಕ್ಕೆ ಹಾಕಿಕೊಳ್ಳಿರಿ.

ಕಾಕಾ: ಎಲ್ಲ ಸರಿ. ಆದರೆ 20 ಜನ ಯಾಕೆ ಬೇಕು, ಅದನ್ನು ಹೇಳು.

ನಾನು: ಮಣ್ಣು ಹೊರಲು ಕಾಕಾ. ಒಂದು ಮನೆಯ ಮೇಲ್ಮುದ್ದೆ ಇಳಿಸಿದರೆ ಎಷ್ಟು ಬುಟ್ಟಿ ಆಗುತ್ತದೆ ಗೊತ್ತಾ? ನೆರೆ ಆದ ಮೇಲೆ ಆ ಊರಲ್ಲಿ ಕೂಲಿಯವರು ಸಿಗುವುದಿಲ್ಲ. ಎಲ್ಲರ ಮನೆಯೂ ಬಿದ್ದಿರುತ್ತದೆ, ಎಲ್ಲರೂ ತಮ್ಮ ಮನೆಯಲ್ಲೇ ಇರುತ್ತಾರೆ. ಗೋಡೆ ಕಟ್ಟುವುದು ಗೌಂಡಿ. ಕೂಲಿ ಕೊಟ್ಟು ಅದೇ ಊರಿನವನನ್ನೇ ಹಿಡಿಯಬೇಕು. ನಾವು ಅವನ ಕೈಯಾಳು. ನೀವು ಹೇಳುವ ದುಡ್ಡು ಅವನಿಗೆ ಬೇಕು, ಅಕ್ಕ ಹೇಳುವ ಜನ ಬುಟ್ಟಿಗೆ ಬೇಕು. ಹಸಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುವ ಉಮೇದಿಯವರು ಮಾತ್ರ ಬೇಡ. ಒಳಗೆ ನೀರು ಕೂತು ಗೋಡೆ ಒಳಗಿಂದಲೇ ಕೆಡುತ್ತದೆ.

ಕಾಕಾ: ಗೌಂಡಿ ಇಬ್ಬರ ಕೂಲಿ ನನ್ನದು. ಹತ್ತು ಮನೆ ವಿಷಯ ನಾನು ಬಿಟ್ಟಿಲ್ಲ, ಸಭಾಪಾಲಕರ ಹತ್ತಿರ ಮಾತಾಡುತ್ತೇನೆ.

ಅಕ್ಕ: ಹಾಗಾದರೆ ನೋಟಿಸ್ ತೆಗೆಸಲಾ?

ಮಾಮಾ (ಗದಗ): ನೋಟಿಸ್ ಇರಲಿ, ಶುಕ್ರವಾರ ಅನ್ನೋದು ಬೇಡ. ಯಾವ ಊರಲ್ಲಿ ಸರ್ವೆ ಮುಗಿದಿದೆ ಅಂತ ನಾಳೆ ಪಂಚಾಯ್ತಿಯಲ್ಲಿ ಕೇಳಿ ಹೇಳುತ್ತೇನೆ. ಮುಗಿಯದ ಊರಿಗೆ ಮೊದಲು ಇಬ್ಬರೇ ಹೋಗಿರಿ. ಮನೆ ಮನೆಯ ನಾಲ್ಕು ಗೋಡೆ, ಮೇಲ್ಮುದ್ದೆ, ಬುಡ, ಎಲ್ಲ ಫೋಟೊ ತೆಗೆಯಿರಿ. ಮನೆಯವರು ಫೋಟೊದಲ್ಲಿ ಇರಲಿ, ತಾರೀಖು ಕಾಣಲಿ. ಅದರ ಒಂದು ಪ್ರತಿ ಅವರ ಕೈಗೇ ಕೊಡಿರಿ.

ನಾನು: ಆ ಇಬ್ಬರಲ್ಲಿ ನಾನೊಬ್ಬ ಮಾಮಾ. ಅಜ್ಜಿ ಊರಿಂದ ಶುರು ಮಾಡುತ್ತೇನೆ.