ಮೂರನೇ ಕ್ರಾಸ್: ಒಂದು ಕಾರಿನ ಜಾಗದಲ್ಲಿ ಒಂದು ದಿನದ ಪಾರ್ಕ್

ಮನೆ 21: ಪಾರ್ಕಿಂಗ್ ಡೇ ಅಂದ್ರೆ ಕಾರು ನಿಲ್ಲಿಸೋ ಜಾಗವನ್ನ ಒಂದು ದಿನ ಪಾರ್ಕ್ ಮಾಡೋದು, ಸೆಪ್ಟೆಂಬರ್ ಮೂರನೇ ಶುಕ್ರವಾರ. 2026ರಲ್ಲಿ ಅದು 18ಕ್ಕೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೀಬಾರ್ ಅನ್ನೋ ವಿನ್ಯಾಸಕಾರರ ತಂಡ ಪಾರ್ಕಿಂಗ್ ಮೀಟರಿಗೆ ಎರಡು ಗಂಟೆಯ ಚಿಲ್ಲರೆ ಹಾಕಿ, ಹುಲ್ಲು ಹಾಸಿ, ಬೆಂಚು, ಕುಂಡದಲ್ಲೊಂದು ಮರ ಇಟ್ಟಿತ್ತು. ನಮ್ಮ ಕ್ರಾಸಲ್ಲಿ ಮೀಟರೇ ಇಲ್ಲವಲ್ಲ, ಹಾಗಾಗಿ ದುಡ್ಡಿನ ಬದಲು ಅಕ್ಕಪಕ್ಕದವರ ಸಹಿ ಬೇಕು. ಮೊದಲು ಸಹಿ, ಆಮೇಲೆ ಹುಲ್ಲು.

ಮನೆ 8: ಹಬ್ಬ 14ಕ್ಕೆ, 18 ಗಣಪತಿಯ ಐದನೇ ದಿನ. ಸಂಜೆ ವಿಸರ್ಜನೆ ಟ್ರ್ಯಾಕ್ಟರು, ತಮಟೆ ಎಲ್ಲ ಇದೇ ದಾರಿಯಲ್ಲಿ. ಬೆಳಿಗ್ಗೆ 10ಕ್ಕೆ ಶುರು ಮಾಡಿ, 4ಕ್ಕೆ ಖಾಲಿ ಮಾಡೋಣ.

ಮನೆ 14: ಅಳತೆ ಮೊದಲು ನೋಡಿ. ಕಾಗದದಲ್ಲಿ 30 ಅಡಿ ರಸ್ತೆ, ಎರಡೂ ಕಡೆ ಮೋರಿ ಕಳೆದರೆ ಡಾಂಬರು 22 ಅಡಿ. ನಾವು 8 ಅಡಿ ತಗೊಂಡರೆ 14. ಎದುರಿಗೆ ಕಾರು ನಿಂತರೆ ಉಳಿಯೋದು 8, ಫೈರ್ ಇಂಜಿನ್ ನುಗ್ಗಲ್ಲ. ಎದುರುಗಡೆಯ ಜಾಗವೂ ಆವತ್ತು ಖಾಲಿ ಇರಲೇಬೇಕು. ಸಂಚಾರ ಠಾಣೆಗೂ ವಾರ್ಡ್ ಇಂಜಿನಿಯರಿಗೂ ಕೊಡೋ ಪತ್ರದಲ್ಲಿ ಈ ಲೆಕ್ಕ ನಕ್ಷೆ ಸಮೇತ ಇರಲಿ. ಮೂಲೆಯಿಂದ 10 ಮೀಟರ್ ದೂರ, ಯಾರ ಗೇಟಿಗೂ ಅಡ್ಡ ಬೇಡ.

ಮನೆ 21: ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಸುಮಾರು 135 ಚದರಡಿ. ಪೂರ್ತಿ ಹುಲ್ಲು ಬೇಡ, ಅರ್ಧಕ್ಕೆ ಜಮಖಾನ ಸಾಕು. 70 ಚದರಡಿ ಲಾನ್ ಹುಲ್ಲು ನರ್ಸರಿಯಿಂದ ಅದೇ ಬೆಳಿಗ್ಗೆ ಬರಲಿ. ಹಿಂದಿನ ದಿನ ತಂದು ಸುತ್ತಿ ಪೇರಿಸಿಟ್ಟರೆ ಒಳಗೆ ಕಾವು ಹುಟ್ಟಿ ಹಳದಿಯಾಗುತ್ತೆ.

ಮನೆ 5: ಅಡಿಗೆ ಟಾರ್ಪಾಲ್ ಹಾಕದಿದ್ದರೆ ಮಣ್ಣೆಲ್ಲ ಮೋರಿಗೆ. ಆದರೆ ಟಾರ್ಪಾಲನ್ನ ರಸ್ತೆ ಅಂಚಿನ ಕಲ್ಲಿನವರೆಗೆ ಎಳೀಬೇಡಿ, ಒಂದಡಿ ಬಿಡಿ. ಸೆಪ್ಟೆಂಬರ್ ಮಳೆ ಗೊತ್ತಲ್ಲ, ನೀರು ಹರಿಯೋ ದಾರಿ ಅದೇ. ಕಟ್ಟಿಕೊಂಡರೆ ನೀರು ನೇರ ಗೇಟಿನೊಳಗೆ.

ಮನೆ 14: ರಸ್ತೆ ಕಡೆ ಅಂಚಿಗೆ 12 ಇಂಚಿನ ಕುಂಡಗಳು, ನಡುವೆ ಒಂದೂವರೆ ಅಡಿಗಿಂತ ಹೆಚ್ಚು ಸಂದು ಬೇಡ. ಜಾಸ್ತಿ ಬಿಟ್ಟರೆ ಸ್ಕೂಟರ್ ನುಸುಳುತ್ತೆ, ಖಂಡಿತ. ಎರಡೂ ತುದಿಗೆ ನೀರು ತುಂಬಿದ 20 ಲೀಟರ್ ಕ್ಯಾನ್, ಪ್ರತಿಫಲಕ ಪಟ್ಟಿ ಸುತ್ತಿ. ಕಣಗಿಲೆ ಬೇಡ, ವಿಷ, ಮಕ್ಕಳು ಬರ್ತಾರೆ. ದಾಸವಾಳ, ಅರೆಕಾ ಆಗುತ್ತೆ.

ಮನೆ 8: ನೆರಳಿಗೆ ಶಾಮಿಯಾನ?

ಮನೆ 5: ಡಾಂಬರಿಗೆ ಮೊಳೆ ಹೊಡೆಯೋ ಹಾಗಿಲ್ಲ. ಖಾಲಿ ಪೇಂಟ್ ಬಕೆಟ್ಟಿಗೆ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿ. 20 ಲೀಟರಿಂದು ಸುಮಾರು 45 ಕೆಜಿ ತೂಗುತ್ತೆ. ಒಂದು ವಾರ ಮುಂಚೆ ಮಾಡಿ, ಹಿಂದಿನ ರಾತ್ರಿ ಮಾಡಿದರೆ ಕಂಬ ವಾಲುತ್ತೆ. ಗಾಳಿ ಎದ್ದ ತಕ್ಷಣ ಬಟ್ಟೆ ಬಿಚ್ಚಬೇಕು, ಇಲ್ಲಾಂದ್ರೆ ಅದು ಹಾಯಿ.

ಮನೆ 21: ಕಲ್ಲಿಟ್ಟು ಜಾಗ ಹಿಡೀಬೇಡಿ, ಜಗಳಕ್ಕೆ ಅದೇ ದಾರಿ. 17ರ ರಾತ್ರಿ ನಮ್ಮವರದೇ ಕಾರು ಅಲ್ಲಿ ನಿಲ್ಲಲಿ, ಬೆಳಿಗ್ಗೆ ತೆಗೆಯೋಣ. ಕಸದ ಆಟೋ ಹೋದಮೇಲೇ ಕುಂಡ ಇಳಿಸಿ.

ಮನೆ 14: ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಜನ ಕೂತಿದ್ದಾರೆ ಅಂತ ಬರೆದಿಡಿ. ಅದೇ ಜಾಗದಲ್ಲಿ ಒಂದು ಕಾರು ದಿನವಿಡೀ ನಿಂತಿರೋದನ್ನೂ ಇನ್ನೊಂದು ದಿನ ಬರೀರಿ. ವಾರ್ಡ್ ಸಭೆಯಲ್ಲಿ ಫೋಟೋಗಿಂತ ಆ ಎರಡು ಹಾಳೆ ಮಾತಾಡುತ್ತೆ.

ಮನೆ 5: 4ಕ್ಕೆ ಹುಲ್ಲು ಎತ್ತಿ, ಅದೇ ಸಂಜೆ ಬಡಾವಣೆ ಪಾರ್ಕಿನ ಬೋಳು ಜಾಗಕ್ಕೆ ಹಾಸಿ ನೀರು ಹಾಕಬೇಕು. ಗುದ್ದಲಿ ನನ್ನ ಹತ್ರ ಎರಡಿದೆ.

ಮನೆ 8: ಸಹಿ ಹಾಳೆ ಎಲ್ಲಿದೆ? ಎದುರಿನ 22, 24 ಇನ್ನೂ ಖಾಲಿ.