ಅರೆತಲೆನೋವಿಗೆ ಡಾಕ್ಟರ್ ಬರೆದ ಮಾತ್ರೆ: ಯಾವಾಗ, ಎಷ್ಟು, ಯಾವುದರ ಜೊತೆ ಬೇಡ?

ಹೊಳೆದಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಪರವಾಗಿ ಕೇಳ್ತಿದ್ದೀನಿ. ವಯಸ್ಸು 34. ಬಿ.ಪಿ., ಶುಗರ್, ಉಬ್ಬಸ ಯಾವುದೂ ಇಲ್ಲ. ಮೈಗ್ರೇನ್ ಅಂತ ಮೈಸೂರಲ್ಲಿ ನರರೋಗ ತಜ್ಞರೇ ನೋಡಿ ಹೇಳಿದ್ದಾರೆ. ಮೊದಲು ಕಣ್ಣಂಚಲ್ಲಿ ಮಿನುಗುವ ಅಂಕುಡೊಂಕು ಗೆರೆ ಕಾಣಿಸುತ್ತೆ, ಇಪ್ಪತ್ತು ನಿಮಿಷಕ್ಕೆ ಎಡಗಡೆ ತಲೆ ಸಿಡಿಯೋಕೆ ಶುರುವಾಗುತ್ತೆ, ಆಮೇಲೆ ವಾಂತಿ.

ಚೀಟಿಯಲ್ಲಿ ಇರೋದು ಹೀಗೆ: ದಿನಾ ರಾತ್ರಿ ಪ್ರೊಪ್ರಾನೊಲಾಲ್ 40. ನೋವು ಬಂದಾಗ ನ್ಯಾಕ್ಸ್‌ಡಾಮ್ 500, ಸುಮಾಟ್ರಿಪ್ಟಾನ್ 50. ಇವೆರಡರ ಮುಂದೆ ಎಸ್‌ಓಎಸ್, ಅಂದ್ರೆ ಬೇಕಾದಾಗ ಮಾತ್ರ, ಅಂತ ಬರೆದಿದ್ದಾರೆ. ಇದಲ್ಲದೆ ಮನೆಯಲ್ಲಿ ಮೊದಲಿಂದ ಮೆಡಿಕಲ್ ಶಾಪಿನಿಂದ ತಂದಿಟ್ಟ ವ್ಯಾಸೊಗ್ರೇನ್ ಸ್ಟ್ರಿಪ್ ಕೂಡ ಇದೆ.

ಕೇಳಬೇಕಾಗಿರೋದು ಇಷ್ಟು. ಸುಮಾಟ್ರಿಪ್ಟಾನ್ ಗೆರೆ ಕಂಡ ಕೂಡಲೇ ನುಂಗಬೇಕಾ, ನೋವು ಶುರುವಾದ ಮೇಲಾ? ಅದು ಕೆಲಸ ಮಾಡದಿದ್ದರೆ ಒಂದು ವ್ಯಾಸೊಗ್ರೇನ್ ತಗೊಂಡ್ರೆ ತೊಂದರೆ ಇದೆಯಾ? ನುಂಗಿದ ಮೇಲೆ ವಾಂತಿ ಆಗಿಬಿಟ್ಟರೆ ಇನ್ನೊಂದು ಕೊಡಬಹುದಾ? ಮುಂದಿನ ಭೇಟಿ ಇನ್ನೂ ಮೂರು ವಾರ ಇದೆ, ಅದಕ್ಕೇ ಇಲ್ಲಿ ಕೇಳ್ತಿರೋದು.

ಮಾತ್ರೆಚೀಟಿ, ಮಂಡ್ಯ (ಫಾರ್ಮಸಿಸ್ಟ್)

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಅಪಾಯ ಇರೋದು ಅಲ್ಲೇ. ಸುಮಾಟ್ರಿಪ್ಟಾನ್ ಮೇಲೆ ವ್ಯಾಸೊಗ್ರೇನ್ ಕೊಡಲೇಬೇಡಿ. ವ್ಯಾಸೊಗ್ರೇನ್ ಮೇಲೆ ಸುಮಾಟ್ರಿಪ್ಟಾನೂ ಬೇಡ. ಇವೆರಡರ ನಡುವೆ ಕನಿಷ್ಠ 24 ಗಂಟೆ ಇರಬೇಕು.

ಸ್ಟ್ರಿಪ್ಪನ್ನ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿ ಇರೋದನ್ನ ಬೆಳಕಿಗೆ ಹಿಡಿದು ಓದಿ. ಎರ್ಗೋಟಮೈನ್ 1 ಮಿ.ಗ್ರಾಂ, ಕೆಫೀನ್ 100, ಪ್ಯಾರಾಸಿಟಮಾಲ್ 250, ಪ್ರೊಕ್ಲೋರ್‌ಪೆರಜೀನ್ 2.5. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ. ಈ ಎರ್ಗೋಟಮೈನ್ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಸುಮಾಟ್ರಿಪ್ಟಾನೂ ಅದನ್ನೇ ಮಾಡುತ್ತೆ. ಎರಡೂ ಸೇರಿದರೆ ಹೃದಯದ ನಾಳ, ಕೈಕಾಲಿನ ನಾಳ ಅತಿಯಾಗಿ ಮುದುಡಿಕೊಳ್ಳಬಹುದು. ತಲೆನೋವಿನ ಮಾತ್ರೆ ತಾನೇ ಅಂತ ಕೌಂಟರಿನಲ್ಲಿ ಕೇಳಿ ಇಸ್ಕೊಳ್ಳೋರು ಬಹಳ ಜನ. ಅದರ ಮೇಲಿರೋ ಕೆಂಪು ಗೆರೆ ಇರೋದು ಚೀಟಿ ಇಲ್ಲದೆ ಕೊಡಬೇಡಿ ಅಂತ ಹೇಳೋಕೆ.

ಎರ್ಗೋಟಮೈನ್ ಬಗ್ಗೆ ಇನ್ನೊಂದು ಮಾತು. ಗಂಟಲುನೋವು, ಕೆಮ್ಮು ಅಂತ ಕ್ಲಾರಿಥ್ರೋಮೈಸಿನ್ ಅಥವಾ ಎರಿಥ್ರೋಮೈಸಿನ್ ಕೋರ್ಸ್ ನಡೀತಿರುವಾಗ ಇದನ್ನ ಮುಟ್ಟಲೇಬಾರದು. ಹುಳುಕಡ್ಡಿಗೆ ನುಂಗುವ ಇಟ್ರಾಕೊನಜೋಲ್ ಜೊತೆಗೂ ಅಷ್ಟೇ. ಎರ್ಗೋಟಮೈನನ್ನ ಲಿವರ್ ಕರಗಿಸಿ ಹೊರಹಾಕೋ ದಾರಿಯನ್ನ ಇವು ಅಡ್ಡಗಟ್ಟುತ್ತವೆ, ಒಂದು ಮಾತ್ರೆ ನುಂಗಿದರೂ ರಕ್ತದಲ್ಲಿ ಹಲವು ಮಾತ್ರೆಯಷ್ಟು ಸೇರಿಕೊಳ್ಳುತ್ತೆ. ಬೆರಳು ತಣ್ಣಗಾಗೋದು, ಮರಗಟ್ಟೋದು, ನೀಲಿಗಟ್ಟೋದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬಸುರಿ ಹೆಂಗಸರಿಗೆ ಎರ್ಗೋಟಮೈನ್ ಯಾವ ಕಾರಣಕ್ಕೂ ಇಲ್ಲ.

ನಿಮ್ಮಕ್ಕನಿಗೆ ಸುಮಾಟ್ರಿಪ್ಟಾನ್ ಬರೆದ ಮೇಲೆ ವ್ಯಾಸೊಗ್ರೇನ್ ಮನೆಯಲ್ಲಿ ಇರೋ ಅಗತ್ಯವೇ ಇಲ್ಲ. ಡಬ್ಬದಿಂದ ತೆಗೆದುಬಿಡಿ. ನೋವಿನಲ್ಲಿ ಕಣ್ಣು ಬಿಡೋಕೂ ಆಗದಿರುವಾಗ ಕೈಗೆ ಯಾವ ಸ್ಟ್ರಿಪ್ ಸಿಗುತ್ತೋ ಅದೇ ಬಾಯಿಗೆ ಹೋಗುತ್ತೆ.

ರಾತ್ರಿಪಾಳಿ ಸಿಸ್ಟರ್, ಮೈಸೂರು

ಮೊದಲನೇ ಪ್ರಶ್ನೆಗೆ. ಗೆರೆ ಕಾಣಿಸ್ತಿರುವಾಗ ಸುಮಾಟ್ರಿಪ್ಟಾನ್ ಬೇಡ, ನೋವು ಶುರುವಾದ ತಕ್ಷಣ ಬೇಕು. ಗೆರೆ ಹಂತದಲ್ಲೇ ನುಂಗಿದರೆ ಮುಂದೆ ಬರೋ ನೋವನ್ನ ಅದು ಸರಿಯಾಗಿ ತಡೆಯೋದಿಲ್ಲ. ಹಾಗಂತ ‘ತಡ್ಕೋತೀನಿ, ಜಾಸ್ತಿಯಾದ್ರೆ ತಗೋತೀನಿ’ ಅಂತ ಎರಡು ಗಂಟೆ ಕಾದರೆ ಮಾತ್ರೆ ಸೋಲುತ್ತೆ. ನೋವು ಇನ್ನೂ ಸಣ್ಣದಾಗಿರುವಾಗ, ಅರ್ಧ ಗಂಟೆ ದಾಟುವ ಮೊದಲು, ಪೂರ್ತಿ ಪ್ರಮಾಣ ಒಳಗೆ ಹೋಗಿರಬೇಕು. ಅರ್ಧ ಮುರಿದು ನುಂಗಿ ನೋಡೋದು, ಪುಡಿ ಮಾಡಿ ನುಂಗೋದು ಬೇಡ. ಮಾತ್ರೆಯ ಮೇಲಿನ ಲೇಪ ಹೋದರೆ ವಿಪರೀತ ಕಹಿ, ಮೊದಲೇ ತೊಳಸ್ತಿರೋ ಹೊಟ್ಟೆ ಇನ್ನಷ್ಟು ಕೆಡುತ್ತೆ.

ತಡ ಮಾಡಬಾರದು ಅನ್ನೋದಕ್ಕೆ ಕಾರಣ ಹೊಟ್ಟೆಯಲ್ಲೇ ಇದೆ. ಮೈಗ್ರೇನ್ ಏರಿದಾಗ ಜಠರ ನಿಧಾನವಾಗಿಬಿಡುತ್ತೆ. ನುಂಗಿದ್ದು ಕರುಳಿಗೆ ಇಳಿಯದೆ ಅಲ್ಲೇ ಕೂತಿರುತ್ತೆ. ನ್ಯಾಕ್ಸ್‌ಡಾಮ್‌ನಲ್ಲಿ ನ್ಯಾಪ್ರೊಕ್ಸೆನ್ 500ರ ಜೊತೆ ಡೊಂಪೆರಿಡೋನ್ 10 ಸೇರಿಸಿರೋದು ಅದಕ್ಕೇ. ವಾಂತಿಯನ್ನೂ ತಡೆಯುತ್ತೆ, ಜಠರವನ್ನೂ ಮುಂದಕ್ಕೆ ತಳ್ಳುತ್ತೆ. ನಿಮ್ಮಕ್ಕನ ಚೀಟಿಯ ಎರಡು ಎಸ್‌ಓಎಸ್ ಮಾತ್ರೆಗಳನ್ನ ಒಟ್ಟಿಗೆ ತಗೊಳ್ಳೋದಾ, ಒಂದು ಸೋತ ಮೇಲೆ ಇನ್ನೊಂದಾ ಅನ್ನೋದನ್ನ ಡಾಕ್ಟರ್ ಹತ್ತಿರ ಫೋನಲ್ಲಾದರೂ ಕೇಳಿ ಚೀಟಿ ಮೇಲೇ ಬರೆದಿಟ್ಕೊಳ್ಳಿ. ಎರಡು ಕ್ರಮವೂ ರೂಢಿಯಲ್ಲಿವೆ. ಇವೆರಡು ಬೇರೆ ಬೇರೆ ಜಾತಿಯ ಔಷಧಿ, ಜೊತೆಯಲ್ಲಿ ಕೊಡಬಹುದು. ನೋವು ಬೇಗ ಏರುವವರಿಗೆ ಒಟ್ಟಿಗೆ ಕೊಟ್ಟರೆ ನೋವು ಮತ್ತೆ ಮರುಕಳಿಸೋದು ಕಡಿಮೆ.

ಎರಡನೇ ಡೋಸಿನ ಲೆಕ್ಕದಲ್ಲಿ ಎಡವೋರೇ ಹೆಚ್ಚು. ಮೊದಲ ಸುಮಾಟ್ರಿಪ್ಟಾನ್‌ಗೆ ನೋವು ಇಳಿದು ಆಮೇಲೆ ತಿರುಗಿ ಬಂದರೆ, ಮೊದಲ ಮಾತ್ರೆಗೆ ಎರಡು ಗಂಟೆ ತುಂಬಿದ ಮೇಲೆ ಇನ್ನೊಂದು ತಗೊಳ್ಳಬಹುದು. 24 ಗಂಟೆಯಲ್ಲಿ ನುಂಗುವ ಮಾತ್ರೆಯ ಗರಿಷ್ಠ ಮಿತಿ 200 ಮಿ.ಗ್ರಾಂ. ನಿಮ್ಮ ಡಾಕ್ಟರ್ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ಮೊದಲ ಮಾತ್ರೆಗೆ ನೋವು ಕೂದಲೆಳೆಯಷ್ಟೂ ಇಳಿಯದಿದ್ದರೆ ಅದೇ ನೋವಿಗೆ ಎರಡನೆಯದು ನುಂಗೋದು ದಂಡ. ಮುಂದಿನ ಸಲಕ್ಕೆ ಉಳಿಸಿ. ಎರಡು ಮೂರು ಸಲ ಸರಿಯಾದ ಹೊತ್ತಿಗೆ ತಗೊಂಡೂ ಸೋತರೆ ಡಾಕ್ಟರ್ 100ಕ್ಕೆ ಏರಿಸಬಹುದು ಅಥವಾ ಬೇರೆ ಟ್ರಿಪ್ಟಾನ್, ಅಂದರೆ ಸುಮಾಟ್ರಿಪ್ಟಾನ್ ಗುಂಪಿನದೇ ಇನ್ನೊಂದು ಔಷಧಿ, ಕೊಡಬಹುದು. ಒಂದು ಸೋತಿತು ಅಂದರೆ ಆ ಗುಂಪಿನ ಎಲ್ಲವೂ ಸೋಲುತ್ತೆ ಅಂತಲ್ಲ.

ವಾಂತಿ ಆದ ಕೂಡಲೇ ಇನ್ನೊಂದು ಮಾತ್ರೆ ಕೊಡಬೇಡಿ. ಎಷ್ಟು ಒಳಗೆ ಸೇರಿದೆ, ಎಷ್ಟು ಹೊರಬಂತು ಅನ್ನೋದು ಯಾರಿಗೂ ಗೊತ್ತಾಗಲ್ಲ. ಎರಡು ಗಂಟೆ ಕಾಯಬೇಕು. ಪ್ರತಿ ಸಲವೂ ಹೀಗೇ ಆಗ್ತಿದ್ದರೆ ಮೂಗಿಗೆ ಹೊಡೆಯೋ ಸುಮಾಟ್ರಿಪ್ಟಾನ್ ಸ್ಪ್ರೇ ಅಥವಾ ಚರ್ಮದಡಿ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿ. ನಾಲಿಗೆ ಮೇಲೆ ಕರಗುವ ರೈಜಾಟ್ರಿಪ್ಟಾನ್ ಬೇಗ ಹತ್ತುತ್ತೆ ಅಂತ ಅನೇಕರು ಅಂದ್ಕೊಂಡಿದ್ದಾರೆ. ಅದು ಬಾಯಲ್ಲಿ ಕರಗುತ್ತೆ ನಿಜ, ಆದರೆ ರಕ್ತಕ್ಕೆ ಸೇರೋದು ಹೊಟ್ಟೆಯ ಮೂಲಕವೇ. ನೀರು ಬೇಡ ಅನ್ನೋದಷ್ಟೇ ಅನುಕೂಲ.

ಮಾತ್ರೆಚೀಟಿ, ಮಂಡ್ಯ

ಸಿಸ್ಟರ್ ಹೇಳಿದ ರೈಜಾಟ್ರಿಪ್ಟಾನ್‌ಗೆ ಒಂದು ಸೇರಿಸಬೇಕು. ಪ್ರೊಪ್ರಾನೊಲಾಲ್ ತಗೊಳ್ಳೋರಲ್ಲಿ ಅದು ರಕ್ತದಲ್ಲಿ ಹೆಚ್ಚು ಉಳಿಯುತ್ತೆ, ಹಾಗಾಗಿ 10 ಅಲ್ಲ, 5 ಮಿ.ಗ್ರಾಂ ಮಾತ್ರೆ. ಮುಂದೆ ಡಾಕ್ಟರ್ ಔಷಧಿ ಬದಲಾಯಿಸಿದರೆ ದಿನಾ ಪ್ರೊಪ್ರಾನೊಲಾಲ್ ತಗೋತಿರೋದನ್ನ ಅಕ್ಕ ಬಾಯಿಬಿಟ್ಟು ಹೇಳಲಿ. ಸುಮಾಟ್ರಿಪ್ಟಾನ್‌ಗೆ ಈ ತೊಡಕಿಲ್ಲ.

ಹೊಳೆದಂಡೆ, ಮಂಡ್ಯ

ತುಂಬಾ ಉಪಕಾರ ಆಯ್ತು. ಇನ್ನೆರಡು ವಿಷಯ. ಸುಮಾಟ್ರಿಪ್ಟಾನ್ ನುಂಗಿದ ಅರ್ಧ ಗಂಟೆಗೆ ಅಕ್ಕನಿಗೆ ಕುತ್ತಿಗೆ, ಎದೆಯ ಮೇಲ್ಭಾಗ ಬಿಗಿದಂಗೆ ಆಗಿ ಹತ್ತು ಹದಿನೈದು ನಿಮಿಷಕ್ಕೆ ಹೋಗುತ್ತೆ. ಹೆದರಬೇಕಾ? ಮತ್ತೆ ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಗಳಿಗೆ ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಎಣಿಸಿ ನೋಡಿದೆ. ಹೋದ ತಿಂಗಳು 13 ದಿನ. ಬಹಳಷ್ಟು ವ್ಯಾಸೊಗ್ರೇನ್, ಕೆಲವು ದಿನ ನ್ಯಾಕ್ಸ್‌ಡಾಮ್. ಅದರ ಹಿಂದಿನ ಎರಡು ತಿಂಗಳೂ ಹೆಚ್ಚುಕಮ್ಮಿ ಇಷ್ಟೇ.

ಕುಕ್ಕರಹಳ್ಳಿ ಕೆರೆ ಏರಿ, ಮೈಸೂರು (ವೈದ್ಯ)

ಆ 13 ಅನ್ನೋ ಅಂಕೆಗೆ ಮೊದಲು ಬರುತ್ತೇನೆ. ನಿಮ್ಮ ಬರಹದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಅದು.

ತಲೆನೋವಿನ ಔಷಧಿಯೇ ತಲೆನೋವು ತರುವ ಸ್ಥಿತಿ ಒಂದಿದೆ. ಎರ್ಗೋಟಮೈನ್, ಟ್ರಿಪ್ಟಾನ್, ಹಲವು ಔಷಧಿ ಬೆರೆಸಿದ ನೋವಿನ ಮಾತ್ರೆ ಅಥವಾ ಟ್ರಮಡಾಲ್‌ನಂಥ ಬಲವಾದ ನೋವುನಿವಾರಕಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಿದುಳು ಆ ಮಾತ್ರೆಗೇ ಒಗ್ಗಿಬಿಡುತ್ತದೆ. ಬರೀ ಪ್ಯಾರಾಸಿಟಮಾಲ್, ಬರೀ ನ್ಯಾಪ್ರೊಕ್ಸೆನ್ ಆದರೆ ಈ ಗಡಿ 15 ದಿನ. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ದಿನಗಳನ್ನು. ಒಂದೇ ದಿನ ಎರಡು ಮಾತ್ರೆ ನುಂಗಿದ್ದರೂ ಅದು ಒಂದು ದಿನ. ಈ ದಿನ ವ್ಯಾಸೊಗ್ರೇನ್, ನಾಳೆ ನ್ಯಾಕ್ಸ್‌ಡಾಮ್ ಎಂದು ಬದಲಾಯಿಸಿದರೂ ಎಲ್ಲ ಒಟ್ಟಿಗೇ ಸೇರುತ್ತದೆ, ಆಗಲೂ ಗಡಿ 10.

ಅಕ್ಕ ಆ ಗಡಿ ದಾಟಿದ್ದಾರೆ. ಮೂರು ವಾರ ಕಾಯಬೇಡಿ. ಕ್ಯಾಲೆಂಡರಿನ ಮೂರು ತಿಂಗಳ ಫೋಟೋ ತೆಗೆದುಕೊಂಡು ಈ ವಾರವೇ ಅವರ ಡಾಕ್ಟರನ್ನು ನೋಡಿ. ಮಾತ್ರೆ ನಿಲ್ಲಿಸಿದ ಮೊದಲ ಕೆಲವು ದಿನ, ಕೆಲವರಿಗೆ ಹತ್ತು ದಿನದವರೆಗೂ ನೋವು ಜಾಸ್ತಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಕೆಡುತ್ತದೆ. ಆ ಹತ್ತು ದಿನಕ್ಕೆ ಏನು ಆಸರೆ ಎಂಬುದನ್ನು ಡಾಕ್ಟರ್ ಮೊದಲೇ ಗೊತ್ತುಮಾಡಿ ಕೊಡಬೇಕು. ಅದಿಲ್ಲದೆ ನಿಲ್ಲಿಸಿದವರು ಮೂರನೇ ದಿನ ಮತ್ತೆ ಅದೇ ಮಾತ್ರೆಗೆ ಹೋಗುತ್ತಾರೆ.

ಪ್ರೊಪ್ರಾನೊಲಾಲ್ ನೋವು ತಡೆಯುವ ದಿನನಿತ್ಯದ ಔಷಧಿ. ಬಂದ ನೋವಿಗೆ ಅದರಿಂದ ಉಪಯೋಗವಿಲ್ಲ, ಹಾಗಾಗಿ ನೋವು ಬಂದ ದಿನ ಹೆಚ್ಚುವರಿ ನುಂಗಬಾರದು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಚೆನ್ನಾಗಿದ್ದೇನೆ ಎಂದು ಒಮ್ಮೆಲೇ ನಿಲ್ಲಿಸಲೂಬಾರದು. ಈಗಿನ ಪ್ರಮಾಣ ಸಾಲದೆ ಇರುವುದೂ 13 ದಿನಕ್ಕೆ ಕಾರಣವಿರಬಹುದು, ಏರಿಸುವ ನಿರ್ಧಾರ ಡಾಕ್ಟರದು.

ಎದೆ ಬಿಗಿತದ ವಿಷಯ. ಟ್ರಿಪ್ಟಾನ್ ತೆಗೆದುಕೊಂಡ ಹಲವರಿಗೆ ಕುತ್ತಿಗೆ, ದವಡೆ, ಎದೆಯಲ್ಲಿ ಬಿಗಿತ, ಮೈ ಜುಮ್ಮೆನ್ನುವುದು, ಬಿಸಿ ಹಾಯ್ದ ಅನುಭವ ಆಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೋಗುವುದು ಹೆಚ್ಚು. ಹಾಗಿದ್ದರೂ ಮುಂದಿನ ಮಾತ್ರೆಗೆ ಮೊದಲು ಇದನ್ನು ಡಾಕ್ಟರಿಗೆ ಹೇಳಿ, ಒಂದು ಇ.ಸಿ.ಜಿ. ಮಾಡಿಸಿ. ಬಿಗಿತ ಹೋಗದೆ ಉಳಿದರೆ, ಎಡಗೈಗೆ ಇಳಿದರೆ, ಬೆವರು, ಉಸಿರುಕಟ್ಟುವುದು ಸೇರಿದರೆ 108ಕ್ಕೆ ಕರೆ ಮಾಡಿ. ಹೃದಯದ ರಕ್ತನಾಳದ ಕಾಯಿಲೆ, ಹಿಂದೆ ಲಕ್ವ ಹೊಡೆದದ್ದು, ಹತೋಟಿಗೆ ಬಾರದ ಬಿ.ಪಿ., ಮೈಗ್ರೇನ್ ಜೊತೆ ಒಂದು ಪಕ್ಕ ಬಲ ಕುಂದುವ ಬಗೆ, ಇವಿರುವವರಿಗೆ ಟ್ರಿಪ್ಟಾನ್ ಕೊಡುವಂತಿಲ್ಲ. ಆದ್ದರಿಂದಲೇ ಅಕ್ಕನ ಮಾತ್ರೆಯನ್ನು ಪಕ್ಕದ ಮನೆಯವರ ತಲೆನೋವಿಗೆ ಕೊಡಬೇಡಿ.

ಅಕ್ಕನಿಗೆ ಗೆರೆ ಕಾಣುವ ಬಗೆಯ ಮೈಗ್ರೇನ್ ಇರುವುದರಿಂದ ಒಂದು ಮಾತು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಅವರಿಗೆ ಆಗದು, ಲಕ್ವದ ಅಪಾಯ ಹೆಚ್ಚುತ್ತದೆ. ಮುಟ್ಟು ಸರಿಪಡಿಸಲು ಎಂದು ಯಾರಾದರೂ ಬರೆದುಕೊಟ್ಟರೂ ಮೈಗ್ರೇನ್ ವಿಷಯ ಮೊದಲು ಹೇಳಬೇಕು.

ಇನ್ನು ಯಾವ ತಲೆನೋವಿಗೆ ಈ ಮಾತ್ರೆ ಹುಡುಕುತ್ತ ಕೂರಬಾರದು? ಸಿಡಿಲು ಹೊಡೆದ ಹಾಗೆ ಕ್ಷಣದಲ್ಲಿ ತುತ್ತತುದಿಗೆ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಬಗ್ಗದಿರುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಬಸುರಿ ಬಾಣಂತಿಯರಲ್ಲಿ ಹೊಸದಾಗಿ ಬಂದದ್ದು, ಗೆರೆ ಒಂದು ಗಂಟೆ ಮೀರಿಯೂ ಹೋಗದಿರುವುದು. ಇವಕ್ಕೆ ನೇರವಾಗಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ. ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗಿನ ಅವಕಾಶ ಮಾತ್ರ ಇರುತ್ತದೆ.

ರಾತ್ರಿಪಾಳಿ ಸಿಸ್ಟರ್, ಮೈಸೂರು

ಮಳೆಗಾಲಕ್ಕೆ ಸಂಬಂಧಿಸಿದ್ದು ಒಂದು. ಜ್ವರ, ಮೈಕೈನೋವಿನ ಜೊತೆ ತಲೆನೋವು ಬಂದರೆ ಮೈಗ್ರೇನ್ ಅಂತ ನ್ಯಾಕ್ಸ್‌ಡಾಮ್ ಕೊಡಬೇಡಿ. ಡೆಂಗೀ ಇದ್ದರೆ ನ್ಯಾಪ್ರೊಕ್ಸೆನ್ ರಕ್ತಸ್ರಾವ ಹೆಚ್ಚಿಸುತ್ತೆ. ರಕ್ತಪರೀಕ್ಷೆ ಆಗೋವರೆಗೆ ಪ್ಯಾರಾಸಿಟಮಾಲ್ ಮಾತ್ರ.

ಹೊಳೆದಂಡೆ, ಮಂಡ್ಯ

ನಾಳಿದ್ದಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ವ್ಯಾಸೊಗ್ರೇನ್ ಡಬ್ಬದಿಂದ ತೆಗೆದಾಯ್ತು. ಕೊನೆಯದಾಗಿ, ಅಕ್ಕ ಏಕಾದಶಿ ದಿನ ಉಪವಾಸ ಮಾಡ್ತಾಳೆ, ಕಾಫಿನೂ ಕುಡಿಯಲ್ಲ. ಆವತ್ತು ನೋವು ಬರೋದು ಖಾಯಂ. ಆ ದಿನ ಮಾತ್ರೆ ಹೇಗೆ?

ಮಾತ್ರೆಚೀಟಿ, ಮಂಡ್ಯ

ಹೊಟ್ಟೆ ಖಾಲಿ ಇರೋದೂ ಮೈಗ್ರೇನ್ ಎಬ್ಬಿಸುತ್ತೆ, ದಿನಾ ಎರಡು ಮೂರು ಲೋಟ ಕಾಫಿ ಕುಡಿಯೋರು ಒಂದು ದಿನ ಬಿಟ್ಟರೂ ಎಬ್ಬಿಸುತ್ತೆ. ಆ ದಿನ ಎರಡೂ ಒಟ್ಟಿಗೆ ಆಗ್ತಿದೆ. ಕಾಫಿ ಬಿಡಬೇಕು ಅಂತಿದ್ದರೆ ಹಿಂದಿನ ವಾರದಿಂದ ದಿನಕ್ಕೆ ಅರ್ಧರ್ಧ ಲೋಟ ಇಳಿಸಿಕೊಂಡು ಬರಲಿ. ನಿರ್ಜಲ ಬೇಡ, ನೀರು, ಹಾಲು, ಹಣ್ಣು ಇರಲಿ.

ಸುಮಾಟ್ರಿಪ್ಟಾನ್ ಖಾಲಿ ಹೊಟ್ಟೆಗೂ ನಡೆಯುತ್ತೆ. ನ್ಯಾಕ್ಸ್‌ಡಾಮ್ ನಡೆಯಲ್ಲ, ನ್ಯಾಪ್ರೊಕ್ಸೆನ್ ಜಠರದ ಒಳಪದರವನ್ನ ಸುಡುತ್ತೆ, ಅದಕ್ಕೆ ಮೊದಲು ಎರಡು ಬಾಳೆಹಣ್ಣೋ ಒಂದು ಲೋಟ ಹಾಲೋ ಒಳಗೆ ಹೋಗಿರಬೇಕು. ರಾತ್ರಿಯ ಪ್ರೊಪ್ರಾನೊಲಾಲ್ ಉಪವಾಸದ ದಿನವೂ ತಪ್ಪಿಸೋ ಹಾಗಿಲ್ಲ. ಆದರೆ ಅದು ನಾಡಿಬಡಿತ, ಬಿ.ಪಿ. ಇಳಿಸುತ್ತೆ, ಏನೂ ತಿನ್ನದಿದ್ದಾಗ ಎದ್ದು ನಿಂತರೆ ಕಣ್ಣು ಕತ್ತಲೆ ಬರಬಹುದು. ನಾಳಿದ್ದು ಡಾಕ್ಟರ್ ಹತ್ತಿರ ಕ್ಯಾಲೆಂಡರ್ ತೋರಿಸುವಾಗ ಏಕಾದಶಿಗೂ ಬೇರೆ ಗುರುತು ಹಾಕಿಕೊಂಡು ಹೋಗಿ, ಉಪವಾಸದ ಬಗ್ಗೆ ಅವರು ಏನು ಹೇಳ್ತಾರೋ ಅದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.