ಎರಡನೇ ಆಸ್ಪತ್ರೆಯ ವೈದ್ಯರಿಗೆ ತಪ್ಪು ಕಂಡಿದೆ, ಆದರೆ ಬರೆದುಕೊಡುತ್ತಿಲ್ಲ. ಏನು ಮಾಡಬೇಕು?

ಪ್ರಶ್ನೆ | ಹೊನ್ನಾಳಿ ಶಿಕ್ಷಕಿ

ನಮ್ಮ ಅತ್ತೆಗೆ ಅರವತ್ತು ದಾಟಿದೆ. ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಪಿತ್ತಕೋಶ ತೆಗೆಸಿದೆವು. ಮನೆಗೆ ಬಂದು ವಾರ ತುಂಬುವುದರೊಳಗೆ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ ಶುರುವಾಯಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಲ್ಲಿಗೇ ವಾಪಸ್ ಕರೆದುಕೊಂಡು ಹೋದರೆ 'ಮಾತ್ರೆಯಿಂದ ಹೀಗಾಗುತ್ತದೆ, ಇಳಿಯುತ್ತದೆ' ಎಂದು ಗ್ಲೂಕೋಸ್ ಹಾಕಿ ಮಲಗಿಸಿದರು. ಇಳಿಯಲಿಲ್ಲ.

ನನ್ನ ಮೈದುನ ಹಠ ಹಿಡಿದು ಬೆಂಗಳೂರಿಗೆ ಸೇರಿಸಿದರು. ಅಲ್ಲಿ ಎಂಆರ್‌ಸಿಪಿ ಸ್ಕ್ಯಾನ್ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ) ಆದ ಮೇಲೆ ಸರ್ಜನ್ ನಮ್ಮನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಪರದೆಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು: 'ಪಿತ್ತ ಇಳಿಯುವ ಮುಖ್ಯ ನಾಳ ನೋಡಿ, ಇಲ್ಲಿಗೆ ನಿಂತಿದೆ. ಪಿತ್ತಕೋಶದ ಕವಲುನಾಳ ಮುಚ್ಚಲು ಹಾಕುವ ಕ್ಲಿಪ್ ಇದರ ಮೇಲೆಯೇ ಬಿದ್ದಿದೆ. ಯಾರಮ್ಮ ಮಾಡಿದ್ದು ಇದನ್ನು?' ಆಮೇಲೆ ಹೊಟ್ಟೆ ತೆರೆದು, ಸಣ್ಣ ಕರುಳನ್ನು ಎಳೆದು ತಂದು ನಾಳಕ್ಕೆ ಜೋಡಿಸಿದರು. ಅತ್ತೆ ಈಗ ಎದ್ದು ಓಡಾಡುತ್ತಾರೆ. ಆದರೆ ನಡುನಡುವೆ ಚಳಿಜ್ವರ ಬರುತ್ತದೆ. ಬಂದಾಗಲೆಲ್ಲ ಮನೆಯವರ ಜೀವ ಬಾಯಿಗೆ ಬರುತ್ತದೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುವುದು 'ಪಿತ್ತಕೋಶ ತೆಗೆದ ನಂತರ ಉಂಟಾದ ಪಿತ್ತನಾಳದ ಅಡಚಣೆ' ಎಂಬ ಅರ್ಥದ ಒಂದೇ ಸಾಲು. ಕ್ಲಿಪ್ಪಿನ ಮಾತೇ ಇಲ್ಲ. ಕೇಳಿದ್ದಕ್ಕೆ ಅದೇ ಸರ್ಜನ್, 'ಇನ್ನೊಬ್ಬ ಡಾಕ್ಟರ ಮೇಲೆ ನಾವು ಬರೆಯುವುದಿಲ್ಲಮ್ಮ' ಎಂದರು. ನಮ್ಮೂರಿನ ಡಾಕ್ಟರು ನಮ್ಮ ಮನೆಯವರನ್ನೆಲ್ಲ ಹೆಸರು ಹಿಡಿದು ಕರೆಯುವವರು. ಅವರೂ 'ಅವರು ನನ್ನ ಸೀನಿಯರ್, ನನ್ನನ್ನು ಇದಕ್ಕೆ ಎಳೆಯಬೇಡಿ' ಎಂದು ಕೈಮುಗಿದರು. ಮೊದಲ ಆಸ್ಪತ್ರೆಯವರಂತೂ ಅತ್ತೆಯ ನಾಳ ಹುಟ್ಟಿನಿಂದಲೇ ಸಣ್ಣದು ಎನ್ನುತ್ತಿದ್ದಾರೆ.

ಇಷ್ಟು ಜನ ಓದಿದವರಿಗೆ ಗೊತ್ತಿರುವ ಸತ್ಯ ಒಂದು ಕಾಗದದ ಮೇಲೆ ಏಕೆ ಬರುವುದಿಲ್ಲ? ಅದನ್ನು ಬರೆಸಲು ದಾರಿ ಇದೆಯೇ?

ಉತ್ತರ | ವಕೀಲ, ದಾವಣಗೆರೆ

ಮೊದಲು ದಾಖಲೆ ಕೈಗೆ ಬರಲಿ, ಜಗಳ ಆಮೇಲೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅತ್ತೆಯವರ ಸಹಿ ಇರುವ ಅರ್ಜಿ ಬರೆದು, ನಕಲಿನ ಮೇಲೆ ತಾರೀಖು ಸಮೇತ ಸೀಲ್ ಹಾಕಿಸಿಕೊಳ್ಳಿ. ಸಮ್ಮರಿ ಮಾತ್ರ ಕೊಟ್ಟರೆ ಒಪ್ಪಬೇಡಿ. ಪೂರ್ತಿ ಕೇಸ್ ಶೀಟ್, ಆಪರೇಷನ್ ನೋಟ್ಸ್, ಅರಿವಳಿಕೆ ದಾಖಲೆ, ನರ್ಸ್‌ಗಳ ದಿನಚರಿ, ಲ್ಯಾಬ್ ವರದಿ ಎಲ್ಲವನ್ನೂ ಹೆಸರಿಸಿ ಕೇಳಿ.

ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 2019ರ ಕಾಯ್ದೆಯಲ್ಲಿ ಎರಡು ವರ್ಷದ ಮಿತಿ ಇದೆ. ತಜ್ಞರ ಅಭಿಪ್ರಾಯ ಸಿಗಲಿಲ್ಲವೆಂದು ಎದೆಗುಂದಬೇಡಿ. ಮಲೇರಿಯಾ ಜ್ವರಕ್ಕೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟ ಹೈದರಾಬಾದಿನ ಒಂದು ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕ ದೂರುಗಳೆಲ್ಲಕ್ಕೂ ತಜ್ಞ ಸಾಕ್ಷ್ಯ ಬೇಕಿಲ್ಲ ಎಂದು ಹೇಳಿದೆ. ಕ್ರಿಮಿನಲ್ ದೂರಿನ ಹಾದಿ ಬೇರೆ. ಅಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಕೊಟ್ಟ ತೀರ್ಪಿನಂತೆ ಮತ್ತೊಬ್ಬ ಸಮರ್ಥ ವೈದ್ಯರ ಅಭಿಪ್ರಾಯ ಬೇಕೇ ಬೇಕು. ನೀವು ಹೇಳುತ್ತಿರುವ ಮೌನ ದೂರುದಾರರನ್ನು ಕಟ್ಟಿಹಾಕುವುದು ಮುಖ್ಯವಾಗಿ ಅಲ್ಲಿ.

ಉತ್ತರ | ನಿವೃತ್ತ ಅರಿವಳಿಕೆ ವೈದ್ಯ

ತಾಯಿ, ನಾನು ವೃತ್ತಿಯಿಡೀ ರೋಗಿಯ ತಲೆಯ ಬಳಿ ಕೂತು ಕೆಲಸ ಮಾಡಿದವನು. ಸರ್ಜನ್‌ನ ಕೈ ಯಾವಾಗ ಸಲೀಸಾಗಿ ಓಡುತ್ತದೆ, ಯಾವಾಗ ತಡವರಿಸುತ್ತದೆ ಎಂಬುದು ಅರಿವಳಿಕೆಯವರಿಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ನಾವು ಬಾಯಿ ಬಿಡುವುದಿಲ್ಲ. ಕಾರಣ ಹೇಳುತ್ತೇನೆ. ಸಣ್ಣ ಊರುಗಳಲ್ಲಿ ಅರಿವಳಿಕೆ ವೈದ್ಯನಿಗೆ ಸಂಬಳವಿಲ್ಲ. ಸರ್ಜನ್ ಫೋನ್ ಮಾಡಿದರೆ ಕೆಲಸ, ಮಾಡದಿದ್ದರೆ ಇಲ್ಲ. ಒಬ್ಬರ ಬಗ್ಗೆ ಮಾತಾಡಿದವನಿಗೆ ನಾಲ್ವರು ಫೋನ್ ನಿಲ್ಲಿಸುತ್ತಾರೆ. ನಿಮ್ಮ ಊರಿನ ಡಾಕ್ಟರು ನಾಳೆ ರಾತ್ರಿ ಹೊಟ್ಟೆನೋವಿನ ಹುಡುಗನನ್ನು ಕಳುಹಿಸಬೇಕಾದದ್ದೂ ಅದೇ ಸೀನಿಯರ್ ಬಳಿಗೆ. ಬೆಂಗಳೂರಿನ ಸರ್ಜನ್‌ಗೆ ಜಿಲ್ಲೆಗಳಿಂದ ರೋಗಿಗಳು ಬರುವುದು ಇಂಥವರ ಚೀಟಿಯಿಂದಲೇ. ಇದರ ಜೊತೆಗೆ, ಬರೆದರೆ ಜನ ನುಗ್ಗಿ ಆಸ್ಪತ್ರೆ ಒಡೆಯುತ್ತಾರೆ, ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯ. ಈ ಭಯ ಸುಳ್ಳಲ್ಲ. ಆದರೆ ಇದರ ಬೆಲೆ ತೆರುವವರು ನಿಮ್ಮ ಅತ್ತೆಯಂಥವರು.

ನಾಳಕ್ಕೆ ಪೆಟ್ಟಾದದ್ದೇ ನಿರ್ಲಕ್ಷ್ಯ ಎಂದು ನಾನು ಹೇಳಲಾರೆ. ಪಳಗಿದ ಕೈಯಲ್ಲೂ ಲ್ಯಾಪರೋಸ್ಕೋಪಿಯಲ್ಲಿ ಸಾವಿರಕ್ಕೆ ಮೂರರಿಂದ ಐದು ಮಂದಿಗೆ ಹೀಗಾಗುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ. ಪಿತ್ತಕೋಶ ಊದಿ ಸುತ್ತಲಿನದಕ್ಕೆ ಅಂಟಿಕೊಂಡಿದ್ದಾಗ ಮುಖ್ಯ ನಾಳವೇ ಪಿತ್ತಕೋಶದ ಕವಲುನಾಳದಂತೆ ಕಾಣುತ್ತದೆ. ಅದಕ್ಕಾಗಿಯೇ ಕ್ಲಿಪ್ ಹಾಕುವ ಮೊದಲು ಈ ನಾಳಗಳಿಗೂ ಯಕೃತ್ತಿಗೂ ನಡುವಿನ ತ್ರಿಕೋನ ಜಾಗವನ್ನು ಪೂರ್ತಿ ಬಿಡಿಸಬೇಕು, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಎಬ್ಬಿಸಬೇಕು, ಎರಡೇ ಎರಡು ಎಳೆಗಳು, ಕವಲುನಾಳ ಮತ್ತು ಒಂದು ರಕ್ತನಾಳ, ಪಿತ್ತಕೋಶದೊಳಕ್ಕೆ ಹೋಗುತ್ತಿವೆ ಎಂದು ಕಣ್ಣಾರೆ ಕಾಣಬೇಕು ಎಂಬ ಕ್ರಮ 1995ರಿಂದ ಇದೆ. ಕಾಣದಿದ್ದರೆ ಹೊಟ್ಟೆ ತೆರೆಯಬೇಕು, ಇಲ್ಲವೇ ಅಲ್ಲಿಗೇ ನಿಲ್ಲಿಸಬೇಕು. ಆಪರೇಷನ್ ನೋಟ್ಸ್‌ನಲ್ಲಿ ಇದರ ಬಗ್ಗೆ ಏನಾದರೂ ಬರೆದಿದೆಯೇ ನೋಡಿ.

ನನಗೆ ಕೋಪ ಬಂದದ್ದು ಆಮೇಲೆ ನಡೆದದ್ದಕ್ಕೆ. ಈ ಆಪರೇಷನ್ ಆದ ವಾರದಲ್ಲಿ ಕಾಮಾಲೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ನಾಳವನ್ನು. ಗ್ಲೂಕೋಸ್ ಹಾಕಿ ಮಲಗಿಸಿದ ಆ ದಿನಗಳಿಗೆ ಸಮಜಾಯಿಷಿ ಇಲ್ಲ.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ನಡೆದದ್ದನ್ನು ನಾನು ಕಿರಿಯರಿಗೆಲ್ಲ ಹೇಳುತ್ತಿದ್ದೆ. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬರುವ ಮಕ್ಕಳು ಇತರೆಡೆಗಿಂತ ಹೆಚ್ಚು ಸಾಯುತ್ತಿದ್ದಾರೆ ಎಂದು 1988ರಲ್ಲಿ ಸೇರಿದ ಅರಿವಳಿಕೆ ವೈದ್ಯ ಸ್ಟೀಫನ್ ಬೋಲ್ಸಿನ್ ಅವರಿಗೆ ಅನ್ನಿಸಿತು. 1990ರಲ್ಲಿ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದರು, ಆಮೇಲೆ ಲೆಕ್ಕ ಹಾಕಿ ತೋರಿಸಿದರು. 1995ರ ಜನವರಿಯಲ್ಲಿ ಜೋಶುವಾ ಲವ್‌ಡೇ ಎಂಬ ಪುಟ್ಟ ಮಗುವಿನ ಆಪರೇಷನ್ ಬೇಡವೆಂದು ಹಿಂದಿನ ಸಂಜೆಯ ಸಭೆಯಲ್ಲಿ ವಾದಿಸಿದರು. ಆಪರೇಷನ್ ನಡೆಯಿತು, ಮಗು ಉಳಿಯಲಿಲ್ಲ. 2001ರ ವಿಚಾರಣಾ ವರದಿಯ ಪ್ರಕಾರ 1991ರಿಂದ 1995ರವರೆಗೆ ಅಲ್ಲಿ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು, ಸಾಮಾನ್ಯ ಘಟಕವೊಂದರಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾಗಿ ಸತ್ತಿದ್ದರು. ಬೋಲ್ಸಿನ್ ಆ ಹೊತ್ತಿಗೆ ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದ್ದರು. ಮಾತಾಡಿದವರೇ ಊರು ಬಿಡಬೇಕಾಗಿ ಬಂದರೆ ಉಳಿದವರು ಏನು ಕಲಿಯುತ್ತಾರೆ ಹೇಳಿ. ಇಂಗ್ಲೆಂಡಿನಲ್ಲಿ 2014ರಿಂದ, ಚಿಕಿತ್ಸೆಯಲ್ಲಿ ತೀವ್ರ ಹಾನಿಯಾದರೆ ರೋಗಿಗೆ ಮುಚ್ಚಿಡದೆ ಹೇಳುವುದು ಸಂಸ್ಥೆಗಳಿಗೆ ಕಾನೂನಿನ ಹೊಣೆಯಾಗಿದೆ. ನಮ್ಮಲ್ಲಿ ಅದೇ 2002ರ ನಿಯಮಗಳು, ಸಹವೈದ್ಯರ ಅಸಮರ್ಥ ಅಥವಾ ಅನೈತಿಕ ನಡವಳಿಕೆಯನ್ನು ಭಯ, ಪಕ್ಷಪಾತವಿಲ್ಲದೆ ಬಯಲಿಗೆ ತರಬೇಕು ಎನ್ನುತ್ತವೆ. ಪಾಲಿಸಿದವನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಇನ್ನು ನಿಮ್ಮ ಕೆಲಸಕ್ಕೆ ಬರುವ ಮಾತು. 'ಅವರು ತಪ್ಪು ಮಾಡಿದ್ದಾರೆ ಎಂದು ಬರೆಯಿರಿ' ಎಂದು ಕೇಳಿದರೆ ಯಾವ ವೈದ್ಯನೂ ಬರೆಯುವುದಿಲ್ಲ. ತಪ್ಪೋ ಸರಿಯೋ ಎಂಬ ತೀರ್ಪು ಅವರ ಕೆಲಸವೂ ಅಲ್ಲ. ಹೊಟ್ಟೆ ತೆರೆದಾಗ ಕಂಡದ್ದನ್ನು ಬರೆಯುವುದು ಮಾತ್ರ ಅವರ ಕರ್ತವ್ಯ. ಆದ್ದರಿಂದ ಬೆಂಗಳೂರಿನ ಆಸ್ಪತ್ರೆಗೂ ಒಂದು ಅರ್ಜಿ ಕೊಡಿ: ನಾಳ ಯಾವ ಮಟ್ಟದಲ್ಲಿ ತುಂಡಾಗಿತ್ತು ಅಥವಾ ಮುಚ್ಚಿತ್ತು, ಕ್ಲಿಪ್‌ಗಳು ಎಷ್ಟು, ಎಲ್ಲಿದ್ದವು, ಎಂಆರ್‌ಸಿಪಿ ಚಿತ್ರಗಳ ಸಿ.ಡಿ. ಎಲ್ಲಿದೆ. ಆಪರೇಷನ್ ನೋಟ್ಸ್‌ನಲ್ಲಿ ಇದೆಲ್ಲ ಬಹುಮಟ್ಟಿಗೆ ಇರುತ್ತದೆ, ಏಕೆಂದರೆ ನಾಳೆ ಅತ್ತೆಯವರಿಗೆ ಜ್ವರ ಬಂದರೆ ಅವರದೇ ತಂಡಕ್ಕೆ ಅದು ಬೇಕು. ಕ್ಲಿಪ್ ಮುಖ್ಯ ನಾಳದ ಮೇಲಿತ್ತು ಎಂಬ ಸಾಲು ಸಿಕ್ಕಿದರೆ 'ಹುಟ್ಟಿನಿಂದಲೇ ಸಣ್ಣದು' ಎಂಬ ಮಾತು ನಿಲ್ಲುವುದಿಲ್ಲ.

ಚಳಿಜ್ವರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋಡಿಸಿದ ಜಾಗ ಕಿರಿದಾಗುತ್ತಿದ್ದರೆ ಹೀಗಾಗಬಹುದು. ಜ್ವರ ಬಂದ ದಿನವೇ ಬೆಂಗಳೂರಿನ ಆ ತಂಡವನ್ನು ಕಾಣಿರಿ. ಈ ವ್ಯಾಜ್ಯದ ಕಾರಣಕ್ಕೆ ಅವರೊಂದಿಗಿನ ಸಂಬಂಧ ಕೆಡಿಸಿಕೊಳ್ಳಬೇಡಿ.

ಉತ್ತರ | ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್

ಅಕ್ಕಾ, ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲ್ಯಾಪರೋಸ್ಕೋಪಿ ಕ್ಯಾಮೆರಾದಲ್ಲೇ ನಡೆಯುತ್ತದೆ. ಕೆಲವು ಕಡೆ ರೆಕಾರ್ಡ್ ಮಾಡಿ ಇಡುತ್ತಾರೆ, ಕೆಲವು ಕಡೆ ಇಲ್ಲ. ಅರ್ಜಿಯಲ್ಲಿ ವಿಡಿಯೊವನ್ನೂ ಕೇಳಿ. ಥಿಯೇಟರ್ ರಿಜಿಸ್ಟರ್‌ನಲ್ಲಿ ಆರಂಭದ, ಮುಗಿದ ಸಮಯ ಇರುತ್ತದೆ, ಅದೂ ಬೇಕು. ಅಲ್ಲಿನ ನರ್ಸ್‌ಗಳ ಮೇಲೆ ಮಾತ್ರ ಒತ್ತಡ ಹಾಕಬೇಡಿ. ಬಾಯಿಬಿಟ್ಟರೆ ಮಾರನೆಯ ದಿನ ಕೆಲಸ ಹೋಗುವುದು ಅವರದ್ದೇ. ಅವರು ಆ ದಿನವೇ ಬರೆದಿಟ್ಟ ದಿನಚರಿಯಲ್ಲಿ 'ಕಣ್ಣು ಹಳದಿ, ಡಾಕ್ಟರಿಗೆ ತಿಳಿಸಲಾಗಿದೆ' ಎಂಬ ಸಾಲು, ಗಂಟೆ ಸಮೇತ, ಇದ್ದರೂ ಇರಬಹುದು.

ಹೊನ್ನಾಳಿ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯೇ ಕೂತು ಸಹಿ ಹಾಕಿದರು. ಈ ಬೆಳಿಗ್ಗೆ ಅರ್ಜಿ ಕೊಟ್ಟೆವು. ಕೌಂಟರಿನವರು 'ಯಾಕೆ ಬೇಕು' ಎಂದು ಒಳಗೆ ಹೊರಗೆ ಓಡಾಡಿದರು, ಕೊನೆಗೆ ಸೀಲ್ ಹಾಕಿಕೊಟ್ಟರು. ವಿಡಿಯೊ ಇಲ್ಲವಂತೆ. ಹಾಗೆಂದೇ ಲೆಟರ್‌ಹೆಡ್‌ನಲ್ಲಿ ಕೊಡಿ ಎಂದು ಎರಡನೇ ಅರ್ಜಿ ಬರೆದು ಅಲ್ಲಿಯೇ ಕೊಟ್ಟು ಬಂದಿದ್ದೇನೆ. ಬೆಂಗಳೂರಿನದನ್ನು ಮೈದುನ ನಾಳೆ ಕೊಡುತ್ತಾರೆ. ಡಾಕ್ಟರೇ, ಕಾಗದಗಳು ಬಂದ ಮೇಲೆ ಆಪರೇಷನ್ ನೋಟ್ಸ್ ಪುಟವನ್ನು ನಿಮಗೆ ಓದಿ ಹೇಳಬಹುದೇ?

ನಿವೃತ್ತ ಅರಿವಳಿಕೆ ವೈದ್ಯ

ಖಂಡಿತ. ಹೆಸರುಗಳನ್ನು ಮುಚ್ಚಿ ಖಾಸಗಿಯಾಗಿ ಕಳುಹಿಸಿ. ಓದಿ ನನಗೆ ಕಂಡದ್ದನ್ನು ಬರೆದು, ಕೆಳಗೆ ಸಹಿ ಹಾಕಿಯೇ ಕೊಡುತ್ತೇನೆ. ನನಗೀಗ ಯಾವ ಸರ್ಜನ್‌ನ ಫೋನೂ ಬರಬೇಕಾಗಿಲ್ಲ.